ಆಸ್ಪತ್ರೆಗೆ ಹೋಗುವ ಮುಂಚೆ ಒಂದು ಹಾಳೆ ಬರೆದಿಡಿ

ಮಂಗಳವಾರ ಬಂತೆಂದರೆ ತಾಲ್ಲೂಕು ಆಸ್ಪತ್ರೆಗೆ ಮನೋಚೈತನ್ಯದ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಕಾರ್ಯಕ್ರಮದ ಡಾಕ್ಟರು ಬರುತ್ತಾರೆ. ಹಳ್ಳಿಗಳ ಜನ ಮೊದಲ ಬಸ್ಸಿಗೇ ಬಂದು ಬೆಂಚಿನ ಮೇಲೆ ಕೂತಿರುತ್ತಾರೆ. ಕಾನೂನು ನೆರವಿನ ಸ್ವಯಂಸೇವಕಿಯಾಗಿ ನಾನೂ ಅಲ್ಲೇ ಕೂತು ಅರ್ಜಿ ಬರೆದುಕೊಡುತ್ತೇನೆ. ಒಂದು ತಪ್ಪನ್ನು ವರ್ಷಗಳಿಂದ ನೋಡುತ್ತಿದ್ದೇನೆ. ಮಾತ್ರೆ ನುಂಗುವವರು ಒಬ್ಬರು, ಅವರ ಬಗ್ಗೆ ಮಾತಾಡುವವರು ಇನ್ನೊಬ್ಬರು. ಸಹಿ ಮಾಡುವವರೂ ಆ ಇನ್ನೊಬ್ಬರೇ.

ಇದು ಹೀಗೇ ಇರಬೇಕಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆ ಪಡೆಯುವವರ ಕೈಗೇ ಹಕ್ಕು ಕೊಟ್ಟಿದೆ. ಆ ಹಕ್ಕನ್ನು ಬಳಸುವುದು ಹೇಗೆ ಅಂತ ಹೇಳುತ್ತೇನೆ.

ಮೊದಲು: ಕಾಗದಗಳು

ಓಪಿಡಿ ಚೀಟಿ, ಮಾತ್ರೆ ಚೀಟಿ, ಡಿಸ್ಚಾರ್ಜ್ ಕಾರ್ಡ್ ಎಲ್ಲವನ್ನೂ ಒಂದೇ ಫೈಲಿನಲ್ಲಿಡಿ. ನಿಮ್ಮ ದಾಖಲೆ ಕೇಳಿ ಪಡೆಯುವುದು ನಿಮ್ಮ ಹಕ್ಕು. ಮಷೀನಿನಿಂದ ಬರುವ ನುಣುಪು ಚೀಟಿಗಳ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ, ಅವತ್ತೇ ಜೆರಾಕ್ಸ್ ಮಾಡಿಸಿ.

ಎರಡನೆಯದು: ನಿಮ್ಮ ಪರ ಮಾತಾಡುವವರು ಯಾರು?

ಜನ ಎಡವುವುದು ಇಲ್ಲೇ. ಕಾಯಿಲೆ ಜಾಸ್ತಿಯಾಗಿ ನಾವೇ ನಿರ್ಧಾರ ಮಾಡಲು ಆಗದಿದ್ದಾಗ ನಮ್ಮ ಜೊತೆ ನಿಲ್ಲಲು ಒಬ್ಬರನ್ನು ಮೊದಲೇ ಹೆಸರಿಸಬಹುದು. ಅವರಿಗೆ ನಾಮನಿರ್ದೇಶಿತ ಪ್ರತಿನಿಧಿ ಅನ್ನುತ್ತಾರೆ. ಹೆಸರಿಸದಿದ್ದರೆ ಆ ಜಾಗ ಸಾಮಾನ್ಯವಾಗಿ ಸಂಬಂಧಿಕರಿಗೆ ಹೋಗುತ್ತದೆ. ಯಾವ ಸಂಬಂಧಿಕರು ಬೇಕು ಅಂತ ನಿಮ್ಮನ್ನು ಕೇಳುವವರು ಆಗ ಇರಲಿಕ್ಕಿಲ್ಲ.

ನವಲಗುಂದ ಕಡೆಯ ಒಬ್ಬ ಹುಡುಗಿಯ ಕಾಗದ ಬರೆಯಲು ಅವಳ ಅಣ್ಣ ಬಂದಿದ್ದ. ತನ್ನ ಹೆಸರನ್ನು ತಾನೇ ಹೇಳಿ ಬರೆಸುತ್ತಿದ್ದ. ನಾನು ಪೆನ್ನು ಕೆಳಗಿಟ್ಟು, ಸ್ವಲ್ಪ ಚಹಾ ಕುಡಿದು ಬಾರಪ್ಪಾ ಅಂತ ಅವನನ್ನು ಹೊರಗೆ ಕಳಿಸಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಹಳ ಹೊತ್ತು ಸುಮ್ನೆ ಕೂತಿದ್ದಳು. ಆಮೇಲೆ ಅಂದಳು: "ಅಣ್ಣ ಬ್ಯಾಡ್ರೀ ಅಕ್ಕಾರ. ನಮ್ಮ ಅತ್ತಿ ಇರ್ಲಿ. ನಾ ಎಷ್ಟ ಚೀರಾಡಿದ್ರೂ ಆಕಿ ನನ್ನ ಹೊಡ್ಯಂಗಿಲ್ಲ."

ಅದಕ್ಕೇ ಹೇಳುವುದು, ಈ ಕಾಗದ ಬರೆಯುವಾಗ ಮನೆಯವರು ಪಕ್ಕದಲ್ಲಿ ಬೇಡ. ಪ್ರೀತಿ ಇರುವವರೂ ಬೇಡ. ಹತ್ತು ನಿಮಿಷ ಹೊರಗೆ ಕೂರಲಿ.

ಬರೆಯುವುದು ಸುಲಭ. ಬಿಳಿ ಹಾಳೆ ಸಾಕು. ಹೀಗೆ ಬರೆಯಿರಿ:

"ನನ್ನ ಕಾಯಿಲೆ ಜಾಸ್ತಿಯಾಗಿ ಚಿಕಿತ್ಸೆಯ ಬಗ್ಗೆ ನಾನೇ ನಿರ್ಧಾರ ಮಾಡಲು ಆಗದಿದ್ದಾಗ, ನನ್ನ ಸೋದರತ್ತೆ ಇಂಥವರು ನನ್ನ ನಾಮನಿರ್ದೇಶಿತ ಪ್ರತಿನಿಧಿಯಾಗಿರಲಿ. ಯಾರ ಒತ್ತಾಯವೂ ಇಲ್ಲದೆ ಇದನ್ನು ಬರೆಸಿದ್ದೇನೆ."

ಕೆಳಗೆ ತಾರೀಖು, ನಿಮ್ಮ ಸಹಿ. ಸಹಿ ಬರದಿದ್ದರೆ ಹೆಬ್ಬೆಟ್ಟು. ಪ್ರತಿನಿಧಿಗೆ 18 ವರ್ಷ ತುಂಬಿರಬೇಕು. ತಾನು ಒಪ್ಪಿದ್ದೇನೆ ಅಂತ ಅವರೂ ಬರೆದುಕೊಡಬೇಕು. ಅವರು ರಕ್ತಸಂಬಂಧಿಯೇ ಆಗಬೇಕಿಲ್ಲ, ಗೆಳತಿ ಆಗಬಹುದು, ಓಣಿಯ ಹಿರಿಯರೂ ಆಗಬಹುದು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಹೆಸರು ಬದಲಿಸಬಹುದು.

ಛಾಪಾ ಕಾಗದ ಬೇಕಿಲ್ಲ. ಕೋರ್ಟ್ ಹತ್ತಿರದ ಟೈಪಿಂಗ್ ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಅಫಿಡವಿಟ್ ತಗೋಬೇಡಿ. ಅಂಥದ್ದೊಂದರಲ್ಲಿ "ಹೊಲ ಮನೆಯ ವ್ಯವಹಾರ ಸಹಿತ" ಅಂತ ಸೇರಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಈ ಪ್ರತಿನಿಧಿಗೆ ನಿಮ್ಮ ಆಸ್ತಿಯ ಮೇಲೆ ಯಾವ ಅಧಿಕಾರವೂ ಬರುವುದಿಲ್ಲ. ಚಿಕಿತ್ಸೆಯ ವಿಷಯ ಮಾತ್ರ. ಜೆಲ್ ಪೆನ್ನು ಬೇಡ, ಒಂದು ಹನಿ ನೀರು ಬಿದ್ದರೆ ಅಕ್ಷರ ಹರಡುತ್ತದೆ. ಬಾಲ್ ಪೆನ್ನೇ ಸರಿ.

ಇದನ್ನು ಆರಾಮಾಗಿರುವಾಗಲೇ ಬರೆಯಿರಿ. ನಿದ್ದೆ ಚೆನ್ನಾಗಿ ಬರುತ್ತಿರುವ, ಮಾತ್ರೆ ಸರಿಹೊಂದಿರುವ ವಾರ ನೋಡಿ. ಒಂದು ಪ್ರತಿ ಪ್ರತಿನಿಧಿ ಹತ್ತಿರ, ಇನ್ನೊಂದು ಆಸ್ಪತ್ರೆ ಫೈಲಿನಲ್ಲಿ, ಮೂಲ ನಿಮ್ಮ ಹತ್ತಿರವೇ ಇರಲಿ.

ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಡುವ ಮುಂಗಡ ನಿರ್ದೇಶನವೂ ಇದೆ. ಅದರ ನಮೂನೆ ಬೇರೆ. ಅದಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಸಹಾಯ ಕೇಳಿ. ವಕೀಲರ ನೆರವು ಉಚಿತ, ಫೋನ್ 15100.

ಮೂರನೆಯದು: ದಾಖಲಾಗುವ ದಿನ

ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇರಲಿ, ಖಾಸಗಿ ಆಸ್ಪತ್ರೆ ಇರಲಿ, ಒಂದು ಪ್ರಶ್ನೆ ಕೇಳಿ: ಇದು ಸ್ವಂತ ಇಚ್ಛೆಯ ದಾಖಲಾತಿಯಾ, ಪ್ರತಿನಿಧಿ ಅರ್ಜಿಯ ಮೇಲಿನ ದಾಖಲಾತಿಯಾ? ಮಗ ತಾನಾಗಿ ಒಪ್ಪಿ ಬಂದಿರುತ್ತಾನೆ. ಗಡಿಬಿಡಿಯಲ್ಲಿ ಅಪ್ಪ ಎರಡನೆಯ ಫಾರ್ಮಿಗೆ ಸಹಿ ಹಾಕಿಬಿಡುತ್ತಾರೆ. ವ್ಯತ್ಯಾಸ ದೊಡ್ಡದು. ಸ್ವಂತ ಇಚ್ಛೆಯಿಂದ ಸೇರಿದವರು ಮನೆಗೆ ಹೋಗುತ್ತೇನೆ ಅಂದರೆ ಬಿಡಬೇಕು. ಪರೀಕ್ಷೆ ಮಾಡಲು ಡಾಕ್ಟರು ತಡೆಯಬಹುದಾದದ್ದು ಹೆಚ್ಚೆಂದರೆ 24 ತಾಸು. ಪ್ರತಿನಿಧಿಯ ಅರ್ಜಿಯ ಮೇಲೆ ಸೇರಿಸಿಕೊಂಡರೆ 30 ದಿನದವರೆಗೆ ಇಟ್ಟುಕೊಳ್ಳಬಹುದು. ಆಗಲೂ ಅವರ ಪರವಾಗಿ ಪ್ರತಿನಿಧಿ ಒಪ್ಪಿಗೆ ಕೊಡುತ್ತಿದ್ದರೆ, ಈಗ ಅವರೇ ಒಪ್ಪಿಗೆ ಕೊಡಬಲ್ಲರಾ ಅಂತ 7 ದಿನಕ್ಕೊಮ್ಮೆ ನೋಡಲೇಬೇಕು. ಖಾಲಿ ಫಾರ್ಮಿಗೆ ಯಾರೂ ಸಹಿ ಹಾಕಬೇಡಿ.

ಒಳಗಿದ್ದರೂ ಮನೆಗೆ ಫೋನ್ ಮಾಡಬಹುದು. ಒತ್ತಾಯದಿಂದ ತಲೆ ಬೋಳಿಸುವಂತಿಲ್ಲ. ಸ್ವಂತ ಬಟ್ಟೆ ತೊಡಬೇಕೆಂದರೆ ತೊಡಬಹುದು. ಸರಪಳಿಯಲ್ಲಿ ಕಟ್ಟುವುದಂತೂ ಪೂರ್ತಿ ನಿಷಿದ್ಧ.

ಊರಿಗೆ ಬಂದ ಮೇಲೆ

ಗುಟ್ಟು ಕಾಯುವುದೂ ಹಕ್ಕೇ. ನನ್ನ ಮನೆಯಲ್ಲೇ ಇದು ಆಗಿದೆ. ನಮ್ಮ ಚಿಕ್ಕಪ್ಪನಿಗೆ ಮಾತ್ರೆ ಕೊಡಲು ಬಂದವರೊಬ್ಬರು ನಲ್ಲಿ ಹತ್ತಿರ ನಿಂತು ಕಾಯಿಲೆಯ ಹೆಸರು ಹಿಡಿದು ಕೂಗಿದರು. ಕೊಡಗಳ ಸಾಲಿನಲ್ಲಿದ್ದ ಅಷ್ಟೂ ಜನ ತಿರುಗಿ ನೋಡಿದರು. ಚಿಕ್ಕಪ್ಪ ತಿಂಗಳುಗಟ್ಟಲೆ ಹೊರಗೇ ಬರಲಿಲ್ಲ. ಅದು ತಪ್ಪು ಅಂತ ನಾವು ಹೇಳಬಹುದಿತ್ತು, ಹೇಳಲಿಲ್ಲ. ನೀವು ಹೇಳಿ.

ಮಾತು ಕೇಳದಿದ್ದರೆ: ದೂರು

ಮೊದಲು ಆ ಆಸ್ಪತ್ರೆಯ ಮುಖ್ಯ ವೈದ್ಯರಿಗೆ ಬರವಣಿಗೆಯಲ್ಲಿ ಕೊಡಿ. ಸಮಾಧಾನವಾಗದಿದ್ದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಹೋಗಿ. ಶುಲ್ಕವಿಲ್ಲ. ಇಷ್ಟವಿಲ್ಲದೆ ಸೇರಿಸಿದ್ದಾರೆ ಅನ್ನುವ ಅರ್ಜಿಯನ್ನು ಮಂಡಳಿ 7 ದಿನದಲ್ಲಿ ತೀರ್ಮಾನಿಸಬೇಕು. ಅರ್ಜಿಯಲ್ಲಿ ಬೈಗುಳ ಬೇಡ. ಯಾವ ದಿನ, ಎಷ್ಟು ಹೊತ್ತಿಗೆ, ಏನಾಯಿತು, ಏನು ಬೇಕು ಅಷ್ಟೇ ಬರೆಯಿರಿ. ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ತಾರೀಖಿನ ಸೀಲು ಹಾಕಿಸಿಕೊಂಡೇ ಅಲ್ಲಿಂದ ಏಳಿ.