ತಗೊಳ್ಳುವವರ ತಲೆ ತಗ್ಗದ ಹಾಗೆ ಕೊಡುವುದು ಹೇಗೆ?

ಕ್ರಿಸ್ಮಸ್ ಬಂತೆಂದರೆ ಕಂಬಳಿ ಹಂಚುವ ಫೋಟೋಗಳು ವಾಟ್ಸಾಪ್ ತುಂಬ ಓಡಾಡುತ್ತವೆ. ಒಂದು ಕಂಬಳಿಗೆ ಆರು ಕೈ. ತಗೊಂಡ ಅಜ್ಜಿ ಮಾತ್ರ ಕ್ಯಾಮೆರಾ ಕಡೆ ನೋಡುವುದೇ ಇಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ಯೇಸು ಹೇಳಿದ್ದು ನಮಗೆಲ್ಲ ಬಾಯಿಪಾಠ, ಅಲ್ವಾ? ಹಾಗಾಗಿ ಫೋಟೋ ಬೇಡ. ಉಳಿದದ್ದು ಇಲ್ಲಿದೆ.

ಮೊದಲು ಬಾಕಿ ತೀರಿಸಿ. ಮನೆಗೆಲಸದವರ ಸಂಬಳವನ್ನು ಹತ್ತನೇ ತಾರೀಖಿನ ತನಕ ಎಳೆದು, ಜ್ವರ ಬಂದು ರಜೆ ಹಾಕಿದ ಎರಡು ದಿನದ ದುಡ್ಡನ್ನೂ ಮುರಿದುಕೊಂಡು, ಭಾನುವಾರ ಕಾಣಿಕೆ ಡಬ್ಬಿಗೆ ಐನೂರು ಹಾಕಿದರೆ ಅದನ್ನು ದಾನ ಅನ್ನಲು ನನಗಂತೂ ಬಾಯಿ ಬರುವುದಿಲ್ಲ. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮುಂಚೆ ಕೊಡಿ ಅನ್ನುತ್ತದೆ ಬೈಬಲಿನ ಧರ್ಮೋಪದೇಶಕಾಂಡದ 24ನೇ ಅಧ್ಯಾಯ.

ಸಂಬಳ ಬಂದ ದಿನವೇ ಒಂದಿಷ್ಟು ತೆಗೆದಿಡಿ. ತಿಂಗಳ ಕೊನೆಗೆ ಏನೂ ಉಳಿಯುವುದಿಲ್ಲ, ಗೊತ್ತಲ್ಲ. ಹೊಲದ ಅಂಚಿನ ಬೆಳೆಯನ್ನು ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಿ ಅನ್ನುವ ಯಾಜಕಕಾಂಡದ ಮಾತೂ ಇದೇ.

ಬೈಬಲಿನ ರೂತಳ ಕಥೆಯಲ್ಲಿ ಹೊಲದ ಒಡೆಯ ಬೋವಜ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಜವೆಗೋದಿ ಕೊಯ್ಲಿನ ಹೊತ್ತು. ಗಂಡನನ್ನು ಕಳೆದುಕೊಂಡ ಹೊರನಾಡಿನ ಹೆಣ್ಣು ರೂತ್ ತೆನೆ ಆಯಲು ಬಂದಿದ್ದಾಳೆ. ಊಟಕ್ಕೆ ಕೂರಿಸಿ, ಹುರಿದ ಕಾಳು ಕೊಟ್ಟು, ಅವಳು ಎದ್ದು ಹೋದ ಮೇಲೆ ಆಳುಗಳಿಗೆ ಹೇಳುತ್ತಾನೆ: ಸಿವುಡಿನಿಂದ ಒಂದಿಷ್ಟು ತೆನೆ ಬೇಕಂತಲೇ ಎಳೆದು ಬೀಳಿಸಿ, ಆರಿಸಿಕೊಳ್ಳಲಿ, ಅವಳನ್ನು ಗದರಿಸಬೇಡಿ. ಅವಳ ಮಟ್ಟಿಗೆ ಅದು ದುಡಿದು ತಂದ ಕಾಳು! ನೀವೂ ಹೀಗೆ ಮಾಡಬಹುದು. ಬೀದಿಯಲ್ಲಿ ಹೊಲಿಗೆ ಗೊತ್ತಿರುವ, ಕಷ್ಟದಲ್ಲಿರುವ ಅಕ್ಕ ಒಬ್ಬರು ಇದ್ದರೆ ಪರದೆ ಹೊಲಿಯಲು ಕೊಡಿ, ಅಂಗಡಿಯ ರೇಟನ್ನೇ ಕೊಡಿ, ಅದೂ ಮುಂಗಡವಾಗಿ.

ಕಾಯಿಲೆ ಬಿದ್ದವರಿಗಾದರೆ ಮೆಡಿಕಲ್ ಶಾಪ್‌ಗೆ ಹೋಗಿ ಬಿಲ್ ಕಟ್ಟಿ, ಮುಂದಿನ ವಾರವೂ ವಿಚಾರಿಸಿ. ಯೇಸು ಹೇಳಿದ ಕಥೆಯಲ್ಲಿ, ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದವನನ್ನು ಛತ್ರಕ್ಕೆ ಕರೆತಂದ ಸಮಾರ್ಯ ಸೀಮೆಯವನು ಛತ್ರದವನಿಗೆ ಎರಡು ದಿನಾರಿ, ಅಂದರೆ ಎರಡು ದಿನದ ಕೂಲಿಯಷ್ಟು ಕೊಟ್ಟು, ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಅಂದ. ಗಾಯಗೊಂಡವನ ಜಾತಿ ಕುಲ ಕೇಳಲಿಲ್ಲ. ನೀವೂ "ಪ್ರಾರ್ಥನೆಗೆ ಬಂದರೆ ಮಾತ್ರ ಅಕ್ಕಿ" ಅಂತ ಲೆಕ್ಕ ಹಾಕಬೇಡಿ.

ಸಾಲ ಕೊಟ್ಟಿದ್ದರೆ ಮನೆಗೆ ನುಗ್ಗಬೇಡಿ. ಅಡವು ತರಲು ಹೋದವನು ಹೊರಗೇ ನಿಂತಿರಬೇಕು ಅಂತ ಅದೇ 24ನೇ ಅಧ್ಯಾಯದಲ್ಲಿದೆ.

ಕಷ್ಟದಲ್ಲಿರುವವರ ಮನೆ ಭೇಟಿಗೆ ಇಬ್ಬರು ಹೋಗಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡ್ರಿಕ್ ಓಝಾನಾಂ ಮತ್ತು ಗೆಳೆಯರು ಶುರುಮಾಡಿದ, ಬಡವರಿಗೆ ನೆರವಾಗುವ ಕಥೋಲಿಕ ಸಂಘವಾದ ಸಂತ ವಿನ್ಸೆಂಟ್ ದೆ ಪಾಲ್ ಸಭೆಯವರು ಈಗಲೂ ಹಾಗೇ ಹೋಗುತ್ತಾರೆ. ಕೊಟ್ಟ ಟೀ ಕುಡಿಯಿರಿ, ಸಕ್ಕರೆ ಜಾಸ್ತಿ ಇದ್ದರೂ ಸರಿ. ಮೂಲೆಯಲ್ಲಿರುವ ಹಳೇ ಫ್ರಿಜ್ ನೋಡಿ "ಇವರಿಗೇನು ಕಷ್ಟ" ಅಂತ ಕಣ್ಸನ್ನೆ ಮಾಡಬೇಡಿ. ಯಾರೋ ಕೊಟ್ಟಿರಬಹುದು, ಕೆಟ್ಟೂ ಹೋಗಿರಬಹುದು.

ಹಳೇ ಬಟ್ಟೆ ಕೊಡುವವರು ಒಗೆದು, ಗುಂಡಿ ಜಿಪ್ ಎಲ್ಲ ಸರಿ ಇದೆಯಾ ನೋಡಿ ಕೊಡಿ. ಹರಿದದ್ದು ನಿಮ್ಮ ಗಾಡಿ ಒರೆಸಲು ಇರಲಿ.