ನಡುಗಡ್ಡೆಯಲ್ಲಿ ಮನೆ ಕಟ್ಟುವುದು ಹೇಗೆ? ಮೊದಲು ಹರಿಗೋಲಿನ ಲೆಕ್ಕ ಹಾಕಿ

ಲಿಂಗಸುಗೂರು ತಾಲೂಕಿನ ಕಡೆ ಕೃಷ್ಣೆಯ ನಡುಗಡ್ಡೆಯೊಂದರಲ್ಲಿ ನಮ್ಮ ಕಾಕಾಗೆ ಹೊಲ ಇದೆ. ಹಳೆ ಮಣ್ಣಿನ ಮನೆ ಕುಸಿದ ಮೇಲೆ ಹೊಸದು ಕಟ್ಟಲು ಹೊರಟಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಚದರಡಿಗೆ ಎಷ್ಟಾಗುತ್ತದೆ? ನಡುಗಡ್ಡೆಯಲ್ಲಿ ಅದು ಮೊದಲ ಪ್ರಶ್ನೆ ಅಲ್ಲ. ಎಷ್ಟು ತೂಕ ಹೊಳೆ ದಾಟಬೇಕು ಅನ್ನುವುದೇ ಮೊದಲ ಪ್ರಶ್ನೆ.

ಅದಕ್ಕೂ ಮುಂಚೆ ಕಾಗದ ನೋಡಿ. ಪಹಣಿಯಲ್ಲಿ ಜಾಗ ಯಾರ ಹೆಸರಲ್ಲಿದೆ, ಕರಾಬು (ಸಾಗುವಳಿಗೆ ಬಾರದ ಜಾಗ) ಎಷ್ಟಿದೆ, ಭೂಪರಿವರ್ತನೆ ಬೇಕಾ ಅಂತ ಪಂಚಾಯಿತಿಯಲ್ಲೂ ತಹಶೀಲ್ದಾರ್ ಕಚೇರಿಯಲ್ಲೂ ಕೇಳಿ. ಆನೆಗೊಂದಿ ಹತ್ತಿರದ ವಿರೂಪಾಪುರ ಗಡ್ಡೆಯಲ್ಲಿದ್ದ ರೆಸಾರ್ಟ್‌ಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ಕೆಡವಿದ್ದು ನೆನಪಿದೆ ಅಲ್ವಾ? ಕಟ್ಟಿದ ಮೇಲೆ ಕೆಡವುವುದಕ್ಕಿಂತ ನಾಲ್ಕು ಸಲ ಕಚೇರಿಗೆ ಅಲೆಯುವುದು ಮೇಲು.

ಜಾಗ: ಹಿರಿಯರನ್ನು ಕೇಳಿ

ಹೊಳೆ ಕಾಣುವ ಅಂಚು ಚಂದ. ಆದರೆ ಅಲ್ಲಿ ಮೆಕ್ಕಲು ಮಣ್ಣು, ನೀರಿನ ಸೆಳೆತ ಬಂದರೆ ಬುನಾದಿ ಕೆಳಗಿನದ್ದೇ ಕೊಚ್ಚಿ ಹೋಗುತ್ತದೆ. ನಾವು ಒಬ್ಬ ಅಜ್ಜನನ್ನು ಕರೆದುಕೊಂಡು ಹೋದೆವು. ಅವರು ಬೇವಿನ ಮರದ ಹತ್ತಿರ ನಿಂತು, ಕೈಯನ್ನು ತಮ್ಮ ಎದೆಮಟ್ಟಕ್ಕೆ ತಂದು ಕಾಂಡದ ಮೇಲೆ ಇಟ್ಟರು. "ನೀರು ಇಲ್ಲಿತನ ಬಂದಿತ್ತು ನೋಡಪ್ಪ" ಅಂದರು. ಅದು 2019ರ ಮಾತು. ಆಗ ನಾರಾಯಣಪುರ ಜಲಾಶಯದಿಂದ 6 ಲಕ್ಷ ಕ್ಯೂಸೆಕ್ ಮೀರಿ ನೀರು ಬಿಟ್ಟಿದ್ದರು. ಆ ಗುರುತಿಗೆ ಸುಣ್ಣ ಬಳಿದು, ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಅದೇ ಮಟ್ಟವನ್ನು ದಿಬ್ಬದವರೆಗೆ ಒಯ್ದೆವು. ಗೌಂಡಿಗಳು ಮಟ್ಟ ಹಿಡಿಯುವುದು ಹಾಗೇ. ಮನೆಯ ನೆಲ ಆ ಗುರುತಿಗಿಂತ ಕನಿಷ್ಠ 2 ಅಡಿ ಮೇಲಿರಲಿ. ಅಷ್ಟು ಎತ್ತರದ ದಿಬ್ಬ ಇಲ್ಲ ಅಂದರೆ ಕಂಬದ ಮೇಲೆ ಕಟ್ಟಬೇಕು, ಖರ್ಚು ಜಾಸ್ತಿ. ಅದಕ್ಕಿಂತ ಹಳೆ ಊರು ಇರುವ ದಿಬ್ಬದಲ್ಲೇ ಸ್ವಲ್ಪ ಜಾಗ ಕೇಳಿ ನೋಡಿ.

ಈಗ ತೂಕದ ಲೆಕ್ಕ

20×30ರ ಮನೆ, ಅಂದರೆ 600 ಚದರಡಿ ಅಂದುಕೊಳ್ಳಿ. 5 ಇಂಚಿನ ಕಾಂಕ್ರೀಟ್ ಸ್ಲ್ಯಾಬ್ ಒಂದೇ ಹತ್ತಿರ ಹತ್ತಿರ 17 ಟನ್ ತೂಗುತ್ತದೆ. ನಮ್ಮ ಅಂಬಿಗರು ಒಂದು ಸಲಕ್ಕೆ ಒಪ್ಪಿದ್ದು 8 ಚೀಲ ಸಿಮೆಂಟು, 400 ಕೆ.ಜಿ. ಅಂದರೆ ಬರೀ ಸ್ಲ್ಯಾಬಿಗೆ 43 ಸಲ. ಗೋಡೆಗೆ ಇಟ್ಟಿಗೆ ತಂದರೆ ಅದು ಇನ್ನೂ 28 ಟನ್, 70 ಸಲ. ಸೇತುವೆ ಇರುವ ಗಡ್ಡೆಯಾದರೆ ಟ್ರ್ಯಾಕ್ಟರ್ ಬರುತ್ತದೆ, ಆಗ ನಿಮ್ಮ ಲೆಕ್ಕ ಬೇರೆ. ಆದರೂ ನಮ್ಮ ಕಡೆ ಗಡ್ಡೆಗಳಿಗೆ ಹೋಗುವ ಶೀಲಹಳ್ಳಿ ಸೇತುವೆ ಹೊಳೆ ತುಂಬಿದಾಗ ಮುಳುಗುತ್ತದೆ ಅನ್ನುವುದನ್ನು ಮರೆಯಬೇಡಿ.

ಹಾಗಾಗಿ ಗೋಡೆಯ ತೂಕ ಗಡ್ಡೆಯಲ್ಲೇ ಹುಟ್ಟಬೇಕು. ನಾವು ಆರಿಸಿದ್ದು ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಬ್ಲಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದಕ್ಕಂತಲೇ 'ಮರ್ದಿನಿ' ಅನ್ನುವ ಕೈಯಂತ್ರ ಮಾಡಿದ್ದಾರೆ, ಕರೆಂಟು ಬೇಡ. 100 ಕೆ.ಜಿ. ಮಣ್ಣಿಗೆ 7 ಕೆ.ಜಿ. ಸಿಮೆಂಟು ಸಾಕು. ಒಂದು ಚೀಲದಿಂದ 80ರ ಆಸುಪಾಸು ಬ್ಲಾಕು ಬರುತ್ತವೆ. ನಮಗೆ ಬೇಕಾಗಿದ್ದು 3500, ಅಂದರೆ ಸುಮಾರು 45 ಚೀಲ, 6 ಸಲದ ಹರಿಗೋಲು. 70 ಎಲ್ಲಿ, 6 ಎಲ್ಲಿ!

ಆದರೆ ಎಲ್ಲ ಮಣ್ಣೂ ಆಗುವುದಿಲ್ಲ. ಎರೆ ಮಣ್ಣು ಒಣಗಿದರೆ ಬಿರಿಯುತ್ತದೆ, ಅದನ್ನು ಹಾಗೇ ಬಳಸಬೇಡಿ. ಪರೀಕ್ಷೆ ಸುಲಭ. ನೀರಿನ ಬಾಟಲಿಗೆ ಮೂರರಲ್ಲಿ ಒಂದು ಪಾಲು ಮಣ್ಣು, ಚಿಟಿಕೆ ಉಪ್ಪು ಹಾಕಿ, ನೀರು ತುಂಬಿಸಿ ಚೆನ್ನಾಗಿ ಕುಲುಕಿ ರಾತ್ರಿ ಇಡೀ ಇಡಿ. ಬೆಳಿಗ್ಗೆ ಪದರ ಕಾಣುತ್ತವೆ: ತಳದಲ್ಲಿ ಮರಳು, ಮೇಲೆ ನುಣ್ಣನೆ ಹೂಳು, ಅದರ ಮೇಲೆ ಜಿಗುಟು ಮಣ್ಣು. ಮರಳು ಮೂರರಲ್ಲಿ ಎರಡು ಪಾಲು ಇದ್ದರೆ ಒಳ್ಳೆಯದು. ಕಡಿಮೆ ಇದ್ದರೆ ಮರಳು ಬೆರೆಸಬೇಕು. ಹೊಳೆಯ ಮರಳು ಕಣ್ಣೆದುರೇ ಇದೆ ಅಂತ ಸುಮ್ನೆ ತುಂಬಿಕೊಳ್ಳಬೇಡಿ, ಅದಕ್ಕೂ ಪರವಾನಗಿ ಬೇಕು. ಒತ್ತಿದ ಬ್ಲಾಕುಗಳಿಗೆ ಮೂರು ವಾರ ದಿನಾ ನೀರು ಚಿಮುಕಿಸಿ, ಗೋಣಿಚೀಲ ಹೊದಿಸಿ. ಇಲ್ಲಿ ಅವಸರ ಮಾಡಿದರೆ ಮೂಲೆಗಳು ಉದುರುತ್ತವೆ.

ಬುನಾದಿಗೆ ಹಳೆ ಮನೆಯ ಕಲ್ಲನ್ನೇ ಬಳಸಿದೆವು. ಮೊದಲ ಮೂರು ಅಡಿ ಗೋಡೆಯೂ ಕಲ್ಲಿನದೇ, ಸಿಮೆಂಟಿನಲ್ಲಿ ಕಟ್ಟಿದ್ದು.

ಮೇಲ್ಛಾವಣಿ

ಸ್ಲ್ಯಾಬಿನ ಬದಲು ಹಾಕಿದ ಶೀಟು ಮತ್ತು ಕಬ್ಬಿಣದ ಪೈಪು ಎಲ್ಲ ಸೇರಿ ಒಂದು ಟನ್ ಆಸುಪಾಸು, ಮೂರು ಸಲದಲ್ಲಿ ಬಂತು. ಹರಿಗೋಲು ದುಂಡಗಿರುತ್ತದೆ, ಉದ್ದದ ಶೀಟು ಎರಡೂ ಕಡೆ ಚಾಚಿಕೊಂಡು ಗಾಳಿಗೆ ಇಡೀ ಹರಿಗೋಲನ್ನೇ ತಿರುಗಿಸಿಬಿಡುತ್ತದೆ. ಅದಕ್ಕೇ 8 ಅಡಿಯ ಶೀಟು ತರಿಸಿ. 20 ಅಡಿಯ ಪೈಪನ್ನು ಆಚೆ ದಡದಲ್ಲೇ ಅರ್ಧ ಕತ್ತರಿಸಿ, ಬೋಲ್ಟ್ ಹಾಕಿ ಕೂಡಿಸುವಂತೆ ತೂತು ಕೊರೆಸಿ.

ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಬರೀ ಶೀಟಿನ ಕೆಳಗೆ ಮಕ್ಕಳು ಮಲಗಲು ಆಗುವುದಿಲ್ಲ. ಶೀಟಿಗೂ ಒಳಗಿನ ಬಿದಿರು ತಟ್ಟಿಗೂ ನಡುವೆ ಒಂದು ಅಡಿ ಜಾಗ ಬಿಡಿ. ಆ ಜಾಗದಿಂದ ಬಿಸಿಗಾಳಿ ಹೊರಗೆ ಹೋಗಲು ಎರಡೂ ತುದಿಯ ಗೋಡೆಯಲ್ಲಿ ಜಾಲರಿ ಇರಲಿ. ಸೂರು ಎರಡು ಅಡಿ ಮುಂದೆ ಚಾಚಲಿ. ಮಣ್ಣಿನ ಗೋಡೆಗೆ ಮಳೆಯ ಹೊಡೆತ ತಪ್ಪುವುದು ಅದರಿಂದಲೇ.

ಯಾವಾಗ?

ಡಿಸೆಂಬರ್‌ನಲ್ಲಿ ಶುರು ಮಾಡಿ, ಮೇ ಮುಗಿಯುವುದರೊಳಗೆ ಮಾಡು ಹೊದಿಸಿ. ನಾವು ಗಿಲಾವಿನ ಸಿಮೆಂಟನ್ನು ತಡವಾಗಿ ತಂದು ನೆಲದ ಮೇಲೇ ಒಟ್ಟಿದ್ದೆವು. ಮೊದಲ ಮಳೆಗೆ 12 ಚೀಲ ಕಲ್ಲಾಯಿತು. ಹೊಳೆ ಬಂತು, ಮತ್ತೆ ತರಲು ಆಗಲಿಲ್ಲ, ಆ ವರ್ಷವೆಲ್ಲ ಕಾಕಿ ಗಿಲಾವಿಲ್ಲದ ಗೋಡೆ ನೋಡುತ್ತಾ ಬೇಸರಪಟ್ಟುಕೊಂಡರು. ಹಲಗೆಯ ಮೇಲೆ ಇಟ್ಟು ತಾಡಪತ್ರಿ ಮುಚ್ಚಿದ್ದರೆ ಉಳಿಯುತ್ತಿತ್ತು.

ಕೊನೆಗೆ ಎರಡು ಮಾತು. ಮೀಟರು, ಸ್ವಿಚ್ಚು ಎಲ್ಲ ತಲೆಗಿಂತ ಎತ್ತರದಲ್ಲಿರಲಿ. ಅಡುಗೆಮನೆಯ ಮೇಲೆ ಗಟ್ಟಿಯಾದ ಅಟ್ಟ ಮಾಡಿಸಿ. ಒಂದು ತಿಂಗಳ ಜೋಳ, ಔಷಧಿ, ಪಹಣಿ, ಮಕ್ಕಳ ಶಾಲೆಯ ಕಾಗದ ಇಡುವಷ್ಟು ಜಾಗ, ಕರೆಂಟಿಲ್ಲದ ರಾತ್ರಿ ಟಾರ್ಚ್ ಹಿಡಿದು ಹತ್ತಲು ಒಂದು ಕಬ್ಬಿಣದ ಏಣಿ.