ಹದಿನಾಲ್ಕನೆಯ ಸಂಯುಕ್ತ: ಔಷಧ ರಸಾಯನ ಸಂಶೋಧನೆಯಲ್ಲಿ ನನ್ನ ಅನುಭವ

ನಾನು ಇದುವರೆಗೆ ನನ್ನ ಕೈಯಾರೆ ತಯಾರಿಸಿದ ಹೊಸ ಸಂಯುಕ್ತಗಳು ಸುಮಾರು ಎಂಟುನೂರು. ಅವುಗಳಲ್ಲಿ ಒಂದೂ ಮಾತ್ರೆಯಾಗಿ ರೋಗಿಯ ಕೈ ಸೇರಿಲ್ಲ. ಔಷಧ ರಸಾಯನದಲ್ಲಿ ದುಡಿಯುವ ಬಹುಪಾಲು ಜನರ ಲೆಕ್ಕ ಹೀಗೆಯೇ ಇರುತ್ತದೆ. ಈ ವೃತ್ತಿಗೆ ಬರಲು ಬಯಸುವ ವಿದ್ಯಾರ್ಥಿಗಳು ಅದನ್ನು ಮೊದಲೇ ತಿಳಿದಿರುವುದು ಒಳ್ಳೆಯದೆಂದು ಇಲ್ಲಿಂದಲೇ ಆರಂಭಿಸುತ್ತಿದ್ದೇನೆ. ಆ ಎಂಟುನೂರರಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ನನ್ನ ಪಿಎಚ್.ಡಿ. ಪ್ರಬಂಧದ ಹದಿನಾಲ್ಕನೆಯ ಸಂಯುಕ್ತ.

2005ರಲ್ಲಿ ನಾನು ಸಂಶೋಧನೆಗೆ ಸೇರಿದಾಗ ನಮ್ಮ ವಿಭಾಗದಲ್ಲಿ ಕೂಮರಿನ್‌ಗಳ ಮೇಲೆ ಹಲವು ವರ್ಷಗಳಿಂದ ಕೆಲಸ ನಡೆದಿತ್ತು. ಕೂಮರಿನ್ ಎಂಬುದು ಒಣಹುಲ್ಲಿಗೆ ಸಿಹಿಗಂಧ ಕೊಡುವ ವಸ್ತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆಯಲ್ಲಿಯೂ ನೊವೊಬಯೋಸಿನ್ ಎಂಬ ಪ್ರತಿಜೈವಿಕದಲ್ಲಿಯೂ ಇರುವುದು ಇದೇ ಚೌಕಟ್ಟು. ಹೊಸಬರಿಗೆ ನಮ್ಮ ಗುರುಗಳು ಕೊಡುತ್ತಿದ್ದ ಮೊದಲ ಕೆಲಸ, 1883ರಲ್ಲಿ ಪೆಖ್‌ಮನ್ ಮತ್ತು ಡುಯಿಸ್‌ಬರ್ಗ್ ವರದಿ ಮಾಡಿದ ಕ್ರಿಯೆ. ರೆಸಾರ್ಸಿನಾಲ್ ಮತ್ತು ಈಥೈಲ್ ಅಸಿಟೋಅಸಿಟೇಟನ್ನು ತಂಪಾಗಿಸಿದ ಸಾಂದ್ರ ಗಂಧಕಾಮ್ಲಕ್ಕೆ ನಿಧಾನವಾಗಿ ಸೇರಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಪುಡಿಮಾಡಿದ ಮಂಜುಗಡ್ಡೆಯ ಮೇಲೆ ಸುರಿದರೆ ಘನವಸ್ತು ಹೊರಬೀಳುತ್ತದೆ. ಅದನ್ನು ಸೋಸಿ, ಆಲ್ಕೋಹಾಲಿನಲ್ಲಿ ಕರಗಿಸಿ ಹರಳುಗಟ್ಟಿಸಿದಾಗ ದೊರೆಯುವ ಹೈಡ್ರಾಕ್ಸಿ ಮೀಥೈಲ್ ಕೂಮರಿನ್ ಅತಿನೇರಳೆ ದೀಪದಡಿಯಲ್ಲಿ ನೀಲಿಯಾಗಿ ಹೊಳೆಯುತ್ತದೆ. ಮೊದಲ ದಿನ ಆ ಹೊಳಪನ್ನು ಕಂಡು ನಾನು ಗುರುಗಳ ಬಳಿಗೆ ಓಡಿದ್ದೆ. ಅವರು ನೋಡಿದ್ದು ಕರಗುವ ಬಿಂದುವನ್ನು ಮಾತ್ರ. ನನ್ನ ವಸ್ತು ಆರು ಡಿಗ್ರಿಗಳ ಅಂತರದಲ್ಲಿ ಕರಗುತ್ತಿತ್ತು. ಶುದ್ಧ ವಸ್ತುವಾದರೆ ಅದು ಒಂದೆರಡು ಡಿಗ್ರಿಯೊಳಗೆ ಕರಗಬೇಕು. "ಮೊದಲ ಶುದ್ಧ ಐತೋ ಇಲ್ಲೋ ಅದನ್ನ ಹೇಳಪಾ, ಉಳಿದ ಮಾತು ಆಮೇಲೆ" ಎಂದರು. ಅದೇ ವಸ್ತುವನ್ನು ನಾನು ನಾಲ್ಕು ಸಲ ಮಾಡಿದೆ.

ನನ್ನ ಪ್ರಬಂಧದ ವಿಷಯ ಕ್ಷಯಾಣುವಿನ ವಿರುದ್ಧ ಕೂಮರಿನ್ ಟ್ರಯಜೋಲ್‌ಗಳು. ಟ್ರಯಜೋಲ್ ಎಂದರೆ ಮೂರು ನೈಟ್ರೋಜನ್ ಪರಮಾಣುಗಳಿರುವ ಐದು ಸದಸ್ಯರ ಉಂಗುರ. ಮೂರು ನೈಟ್ರೋಜನ್‌ಗಳ ಸರಪಳಿಯಿರುವ ಅಜೈಡ್ ಮತ್ತು ಇಂಗಾಲದ ತ್ರಿಬಂಧವಿರುವ ಅಲ್ಕೈನ್‌ಗಳನ್ನು ಬರಿದೆ ಕಾಯಿಸಿದರೆ ಎರಡು ಬಗೆಯ ಟ್ರಯಜೋಲ್‌ಗಳ ಮಿಶ್ರಣ ಸಿಗುತ್ತದೆ. ಸ್ವಲ್ಪ ತಾಮ್ರವನ್ನು ವೇಗವರ್ಧಕವಾಗಿ ಬಳಸಿದರೆ ಒಂದೇ ಬಗೆಯದು, ಅದೂ ಕೋಣೆಯ ಉಷ್ಣತೆಯಲ್ಲಿ, ಸಿಗುತ್ತದೆ. 2002ರಲ್ಲಿ ಶಾರ್ಪ್‌ಲೆಸ್ ಮತ್ತು ಮೆಲ್ಡಾಲ್ ಅವರ ಗುಂಪುಗಳು ಬೇರೆಬೇರೆಯಾಗಿ ಇದನ್ನು ತೋರಿಸಿಕೊಟ್ಟವು. ಇಬ್ಬರಿಗೂ 2022ರಲ್ಲಿ ಬರ್ಟೋಜಿ ಅವರೊಂದಿಗೆ ನೊಬೆಲ್ ಪ್ರಶಸ್ತಿ ಬಂದಿತು. ನಮಗೆ ಆಗ ಇದು ತೀರಾ ಹೊಸ ಸಾಧನ.

ಮೊದಲಿಗೆ ಬ್ರೋಮೋಮೀಥೈಲ್ ಕೂಮರಿನ್ ಮಾಡಿಕೊಳ್ಳಬೇಕಿತ್ತು. ಅದಕ್ಕೆ ಬೇಕಾದ ಬ್ರೋಮೋ ಎಸ್ಟರ್ ಕಣ್ಣನ್ನು ಬಹಳ ಉರಿಸುವ ದ್ರವ. ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಇಲ್ಲದೆ ಅದರ ಬಾಟಲಿಯ ಮುಚ್ಚಳವನ್ನೂ ತೆಗೆಯಬಾರದು. ಮುಂದಿನ ಹಂತದ ಸೋಡಿಯಂ ಅಜೈಡ್ ಇನ್ನೂ ಅಪಾಯಕಾರಿ. ಅದಕ್ಕೆ ಆಮ್ಲ ತಾಗಿದರೆ ಸ್ಫೋಟಕವೂ ವಿಷಕಾರಿಯೂ ಆದ ಹೈಡ್ರಾಜೋಯಿಕ್ ಆಮ್ಲ ಹೊಮ್ಮುತ್ತದೆ, ಡೈಕ್ಲೋರೋಮೀಥೇನ್ ತಾಗಿದರೆ ಸಿಡಿಯುವ ಡೈಅಜಿಡೋಮೀಥೇನ್ ಆಗಬಹುದು. ಪ್ಲಾಸ್ಟಿಕ್ ಚಮಚದಿಂದಲೇ ತೂಗುವುದು, ಅಜೈಡ್ ಇರುವ ನೀರನ್ನು ಸಿಂಕಿಗೆ ಸುರಿಯದೆ ಬೇರೆ ಡಬ್ಬದಲ್ಲಿ ಇಡುವುದು ಇವು ನಮ್ಮಲ್ಲಿ ಮುರಿಯಲಾಗದ ನಿಯಮಗಳಾಗಿದ್ದವು. ಇದನ್ನು ಒತ್ತಿ ಹೇಳಲು ಕಾರಣವಿದೆ: ಪ್ರಕಟಿತ ಲೇಖನಗಳ ಪ್ರಯೋಗ ವಿವರಣೆಯಲ್ಲಿ ಈ ಎಚ್ಚರಿಕೆಗಳು ಅನೇಕ ಸಲ ಇರುವುದೇ ಇಲ್ಲ.

ಎರಡು ವರ್ಷಗಳಲ್ಲಿ ಇಪ್ಪತ್ತೆರಡು ಸಂಯುಕ್ತಗಳು ಸಿದ್ಧವಾದವು. ಕ್ಷಯಾಣುವಿನ ಮೇಲಿನ ಪರೀಕ್ಷೆಯನ್ನು ಬೇರೆ ಸಂಸ್ಥೆಯ ಪ್ರಯೋಗಾಲಯವೊಂದು ನಮಗಾಗಿ ಮಾಡಿಕೊಡುತ್ತಿತ್ತು. ತೊಂಬತ್ತಾರು ಗುಳಿಗಳ ತಟ್ಟೆಯಲ್ಲಿ ಸಂಯುಕ್ತದ ಸಾಂದ್ರತೆಯನ್ನು ಗುಳಿಯಿಂದ ಗುಳಿಗೆ ಅರ್ಧಕ್ಕಿಳಿಸುತ್ತ ಹೋಗಿ, ಕ್ಷಯಾಣುವನ್ನು ಬಿತ್ತಿ, ಕೆಲವು ದಿನಗಳ ಬಳಿಕ ಅಲಮಾರ್ ಬ್ಲೂ ಎಂಬ ಬಣ್ಣ ಹಾಕುತ್ತಾರೆ. ಜೀವಾಣು ಬೆಳೆದಿದ್ದರೆ ನೀಲಿ ಗುಲಾಬಿಯಾಗುತ್ತದೆ. ನೀಲಿಯಾಗಿಯೇ ಉಳಿದ ಕೊನೆಯ ಗುಳಿಯ ಸಾಂದ್ರತೆಯೇ ಆ ಸಂಯುಕ್ತದ ಎಂಐಸಿ, ಅಂದರೆ ಬೆಳವಣಿಗೆಯನ್ನು ತಡೆಯುವ ಕನಿಷ್ಠ ಸಾಂದ್ರತೆ; ಅದು ಕಡಿಮೆಯಾದಷ್ಟೂ ಸಂಯುಕ್ತ ಪ್ರಬಲ. ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲ ಇ. ಕೋಲಿಗೆ ಹೋಲಿಸಿದರೆ ಕ್ಷಯಾಣು ಇಮ್ಮಡಿಯಾಗಲು ಸುಮಾರು ಇಪ್ಪತ್ತು ಗಂಟೆ ಬೇಕು. ಆದ್ದರಿಂದ ಕಾಯುವುದು ಅನಿವಾರ್ಯ. ಫಲಿತಾಂಶದ ಹಾಳೆ ಬಂದಾಗ ಹೆಚ್ಚಿನವು 50, 100 ಎಂದಿದ್ದವು, ಐದು ಸಂಯುಕ್ತಗಳು ಮಾತ್ರ ಚೆನ್ನಾಗಿ ಕೆಲಸ ಮಾಡಿದ್ದವು. ಹದಿನಾಲ್ಕನೆಯದರ ಎದುರಿಗೆ ಮಿಲಿಲೀಟರಿಗೆ 1.6 ಮೈಕ್ರೋಗ್ರಾಂ ಎಂದಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪರೀಕ್ಷೆಯನ್ನು ಮತ್ತೊಮ್ಮೆ ಮಾಡಲು ಹೊಸದಾಗಿ 200 ಮಿಲಿಗ್ರಾಂ ಬೇಕಾಯಿತು. ಈ ಸಲ ಕ್ರಿಯೆ ಮುಗಿದ ಮೇಲೆ ಸೆಪರೇಟಿಂಗ್ ಫನಲಿನಲ್ಲಿ ಎರಡು ಪದರಗಳು ಸರಿಯಾಗಿ ಬೇರೆಯಾಗಲಿಲ್ಲ. ಹಿರಿಯ ಸಂಶೋಧಕರೊಬ್ಬರು ಅಮೋನಿಯಾ ಬೆರೆಸಿದ ಅಮೋನಿಯಂ ಕ್ಲೋರೈಡ್ ದ್ರಾವಣದಿಂದ ತೊಳೆಯಲು ಹೇಳಿದರು. ತೊಳೆದಾಗ ಕೆಳಗಿನ ನೀರಿನ ಪದರ ಕಡುನೀಲಿಯಾಯಿತು. ಬಣ್ಣ ಹೋಗುವವರೆಗೆ ನಾಲ್ಕು ಸಲ ತೊಳೆದೆ. ಆ ವಸ್ತುವಿನ ಎಂಐಸಿ 25 ಎಂದು ಬಂದಿತು.

ಪರೀಕ್ಷೆ ಮಾಡಿದವರೇ ತಪ್ಪಿರಬೇಕೆಂದು ನಾನು ವಾದಿಸಿದೆ. ಗುರುಗಳು ವಾದಿಸದೆ ಎರಡೂ ಮಾದರಿಗಳ ಎನ್‌ಎಂಆರ್ ಹಾಳೆಗಳನ್ನು, ಅಂದರೆ ಅಣುವಿನ ಪ್ರತಿ ಬಗೆಯ ಹೈಡ್ರೋಜನ್ನನ್ನು (ಪ್ರೋಟಾನನ್ನು) ಶೃಂಗವಾಗಿ ತೋರಿಸುವ ಹಾಳೆಗಳನ್ನು, ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಶೃಂಗಗಳೆಲ್ಲವೂ ಅದೇ ಸ್ಥಾನದಲ್ಲಿದ್ದವು. ಆದರೆ ಸುಮಾರು 8 ಪಿಪಿಎಂನಲ್ಲಿ ಬರುವ ಟ್ರಯಜೋಲ್ ಉಂಗುರದ ಪ್ರೋಟಾನಿನ ಶೃಂಗ ಹೊಸ ಹಾಳೆಯಲ್ಲಿ ಸೂಜಿಯಂತೆ ಚೂಪಾಗಿತ್ತು, ಹಳೆಯದರಲ್ಲಿ ಅಗಲವಾಗಿ ಕುಸಿದಿತ್ತು. ತಾಮ್ರ(II) ಅಯಾನಿನಲ್ಲಿ ಜೋಡಿಯಿಲ್ಲದ ಇಲೆಕ್ಟ್ರಾನ್ ಇರುವುದರಿಂದ ಅದು ಹತ್ತಿರ ಕುಳಿತ ಪ್ರೋಟಾನಿನ ಶೃಂಗವನ್ನು ಹೀಗೆ ಅಗಲಿಸುತ್ತದೆ. ತಾಮ್ರಕ್ಕೆ ತನ್ನದೇ ಶೃಂಗ ಪ್ರೋಟಾನ್ ಎನ್‌ಎಂಆರಿನಲ್ಲಿ ಇರುವುದಿಲ್ಲವಾದ್ದರಿಂದ, ಇರದ ಶೃಂಗವನ್ನು ಹುಡುಕುತ್ತಿದ್ದ ನಾನು ಇದ್ದ ಶೃಂಗದ ಆಕಾರವನ್ನು ನೋಡಿರಲಿಲ್ಲ. ಟ್ರಯಜೋಲ್‌ನ ನೈಟ್ರೋಜನ್‌ಗಳು ಲೋಹವನ್ನು ಹಿಡಿದುಕೊಳ್ಳುತ್ತವೆ. ಹಾಗೆ ಹಿಡಿದ ತಾಮ್ರ ಶುದ್ಧೀಕರಣಕ್ಕೆ ಬಳಸುವ ಸಿಲಿಕಾ ಕಾಲಂ ದಾಟಿಯೂ ಬರಬಲ್ಲದು. ಅಟಾಮಿಕ್ ಅಬ್ಸಾರ್ಪ್ಷನ್ ಪರೀಕ್ಷೆಯಲ್ಲಿ ಹಳೆಯ ಮಾದರಿಯಲ್ಲಿ ತಾಮ್ರವಿರುವುದು ಖಚಿತವಾಯಿತು. ಹೊಸ ಮಾದರಿಯನ್ನು ತೊಳೆದ ಅಮೋನಿಯಾ ನೀರು ನೀಲಿಯಾದದ್ದೂ ತಾಮ್ರದಿಂದಲೇ.

ತಾಮ್ರ ಕ್ಷಯಾಣುವಿಗೆ ವಿಷ. ನಮ್ಮ ದೇಹದ ಮ್ಯಾಕ್ರೋಫೇಜ್ ಕೋಶಗಳೂ ತಾವು ನುಂಗಿದ ಕ್ಷಯಾಣುವಿನ ಮೇಲೆ ತಾಮ್ರವನ್ನು ಪ್ರಯೋಗಿಸುತ್ತವೆ, ಅದನ್ನು ಹೊರದಬ್ಬುವ ವ್ಯವಸ್ಥೆ ಕ್ಷಯಾಣುವಿನಲ್ಲಿಯೂ ಇದೆ. ಬೇರೆಯವರ ಪ್ರಬಂಧದಲ್ಲಿ ಓದಿದ್ದರೆ ಇದು ನನಗೆ ಸ್ವಾರಸ್ಯದ ಸಂಗತಿಯಾಗುತ್ತಿತ್ತು. ನನ್ನ ಮುಂದಿದ್ದದ್ದು ಇಪ್ಪತ್ತೆರಡು ಬಾಟಲಿಗಳನ್ನೂ ಮತ್ತೆ ತೊಳೆದು, ಹರಳುಗಟ್ಟಿಸಿ, ಪರೀಕ್ಷೆಗೆ ಕಳುಹಿಸುವ ಕೆಲಸ. ಅದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಐದರಲ್ಲಿ ಮೂರು ಸಂಯುಕ್ತಗಳ ಗುಣ ಬಿದ್ದುಹೋಯಿತು, ಎರಡರದು ಉಳಿಯಿತು; ಅವುಗಳಲ್ಲಿ ಉತ್ತಮವಾದ ಒಂಬತ್ತನೆಯದರ ಎಂಐಸಿ 6.25. ಪ್ರಬಂಧದಲ್ಲಿ ಎರಡೂ ಸಲದ ಅಂಕಿಗಳನ್ನು, ಕಾರಣದೊಂದಿಗೆ, ಕೋಷ್ಟಕದಲ್ಲಿ ಕೊಟ್ಟೆ. ಮೌಖಿಕ ಪರೀಕ್ಷೆಯಲ್ಲಿ ಹೆಚ್ಚಿನ ಪ್ರಶ್ನೆಗಳು ಬಂದದ್ದು ಆ ಕೋಷ್ಟಕದ ಮೇಲೆಯೇ.

ನಂತರ ಏಳು ವರ್ಷ ನಾನು ಬೆಂಗಳೂರಿನ ಕಂಪನಿಯೊಂದರಲ್ಲಿದ್ದೆ. 1970ರ ಕಾಯ್ದೆಯಡಿ ನಮ್ಮ ದೇಶದಲ್ಲಿ ಔಷಧವನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಸಿಗುತ್ತಿತ್ತು. ನನಗಿಂತ ಹಿಂದಿನ ತಲೆಮಾರು ಹೊಸ ದಾರಿಗಳನ್ನು ಹುಡುಕುವುದರಲ್ಲಿ ಪಳಗಿದ್ದು ಹಾಗೆ. 2005ರಿಂದ ಔಷಧ ವಸ್ತುವಿಗೇ ಪೇಟೆಂಟ್ ಸಿಗತೊಡಗಿತು. ಅಲ್ಲಿ ನಾನು ಕಲಿತದ್ದು, ಜೀವಾಣುವನ್ನು ಕೊಲ್ಲುವುದು ಒಂದು ಅಣುವಿಗೆ ಎದುರಾಗುವ ಹತ್ತು ಪ್ರಶ್ನೆಗಳಲ್ಲಿ ಒಂದು ಮಾತ್ರ ಎಂಬುದು. ನೀರಿನಲ್ಲಿ ಕರಗುವುದೇ, ಯಕೃತ್ತಿನ ಕಿಣ್ವಗಳ ಮುಂದೆ ಎಷ್ಟು ನಿಮಿಷ ಉಳಿಯುತ್ತದೆ, ಹೃದಯದ ಹೆರ್ಗ್ ಎಂಬ ಪೊಟ್ಯಾಸಿಯಂ ನಾಳವನ್ನು ಮುಚ್ಚುವುದೇ ಎಂದು ಪ್ರತಿ ವಾರ ಕೇಳುತ್ತಿದ್ದರು. ಅಲರ್ಜಿಯ ಮಾತ್ರೆ ಟರ್ಫೆನಡೀನ್ ಈ ನಾಳವನ್ನು ಮುಚ್ಚಿ ಹೃದಯದ ಲಯ ತಪ್ಪಿಸುತ್ತಿದ್ದುದರಿಂದ ಅಮೆರಿಕದಲ್ಲಿ 1990ರ ದಶಕದ ಕೊನೆಯಲ್ಲಿ ಮಾರುಕಟ್ಟೆಯಿಂದ ಹೊರಹೋಯಿತು. ದೇಹ ಅದನ್ನು ಉತ್ಕರ್ಷಿಸಿ ತಯಾರಿಸುತ್ತಿದ್ದ ಫೆಕ್ಸೋಫೆನಡೀನ್ ಆ ದೋಷವಿಲ್ಲದೆ ಅದೇ ಕೆಲಸ ಮಾಡುತ್ತಿತ್ತು, ಇಂದು ಅದೇ ಅಂಗಡಿಗಳಲ್ಲಿ ಸಿಗುತ್ತದೆ. ನನ್ನ ಒಂಬತ್ತನೆಯ ಸಂಯುಕ್ತವನ್ನು ಈ ಪ್ರಶ್ನೆಗಳ ಮುಂದೆ ನಿಲ್ಲಿಸಿದ್ದರೆ ಮೊದಲನೆಯದರಲ್ಲಿಯೇ ಸೋಲುತ್ತಿತ್ತು, ಏಕೆಂದರೆ ಅದು ನೀರಿನಲ್ಲಿ ಕರಗುತ್ತಲೇ ಇರಲಿಲ್ಲ.

ಆದರೂ ಅದನ್ನು ನಾನು ಬಿಟ್ಟಿಲ್ಲ. ಐಸೋನಿಯಾಜಿಡ್ 1912ರಲ್ಲಿಯೇ ಪ್ರಾಗ್‌ನಲ್ಲಿ ತಯಾರಾಗಿತ್ತು. ಅದು ಕ್ಷಯಕ್ಕೆ ಮದ್ದೆಂದು ತಿಳಿಯಲು 1950ರ ದಶಕದ ಆರಂಭದವರೆಗೆ ಕಾಯಬೇಕಾಯಿತು. ಈಗ ನಾನು ಪಾಠ ಹೇಳುವ ಕಾಲೇಜಿನಲ್ಲಿ ಇಬ್ಬರು ವಿದ್ಯಾರ್ಥಿನಿಯರು ಒಂಬತ್ತನೆಯದಕ್ಕೆ ಪಿಪರಜೀನ್ ಉಂಗುರ ಸೇರಿಸಿ ಅದನ್ನು ನೀರಿನಲ್ಲಿ ಕರಗಿಸಲು ಪ್ರಯತ್ನಿಸುತ್ತಿದ್ದಾರೆ. ಕಳೆದ ವಾರ ಮೊದಲ ಮಾದರಿ ತಯಾರಾಯಿತು. ಅಮೋನಿಯಾ ದ್ರಾವಣದಿಂದ ಐದು ಸಲ ತೊಳೆದ ಮೇಲೂ ಕೆಳಗಿನ ಪದರದಲ್ಲಿ ತೆಳುನೀಲಿ ಉಳಿದಿತ್ತು. ಆರನೆಯ ಸಲಕ್ಕೆ, ಲೋಹವನ್ನು ಬಿಗಿಯಾಗಿ ಹಿಡಿಯುವ ಇಡಿಟಿಎ ದ್ರಾವಣ ಹಾಕಲು ಹೇಳಿ ಬಂದಿದ್ದೇನೆ.